ಮಾಡಿನ ಮೇಲೆ ತೆಂಗಿನ ಸಿಪ್ಪೆ

ಈ ಕಥೆಯನ್ನು ಮೊದಲು ಹೇಳಿದವಳು ಹಸ್ನಿಯಾ. ಹೇಳಿದ್ದು 2011ರ ಚಳಿಗಾಲದಲ್ಲಿ, ಪಶ್ಚಿಮ ಆಸ್ಟ್ರೇಲಿಯಾದ ಕಟಾನಿಂಗಿನಲ್ಲಿ, ಅವಳ ಮಗಳು ತಸ್ನೀಮಳ ಮದುವೆಯ ಹಿಂದಿನ ಮಧ್ಯಾಹ್ನ. ನಾವೊಂದಷ್ಟು ಜನ ಅವಳ ಕಾರ್ ಶೆಡ್ಡಿನಲ್ಲಿ ಕೂತು ಈರುಳ್ಳಿ ಸುಲಿಯುತ್ತಿದ್ದೆವು. ಕುರಿ ಮೇಯುವ ಬಯಲಿನ ಮೇಲಿಂದ ಬರುವ ಗಾಳಿ ಮೂಗು ಕೊಯ್ಯುವಂತಿತ್ತು. ಈರುಳ್ಳಿಗೆ ಅಳು, ಚಳಿಗೆ ನಡುಕ. "ಯಾರಾದ್ರೂ ಏನಾದ್ರೂ ನಗೋ ಅಂಥದ್ದು ಹೇಳ್ರಪ್ಪಾ" ಅಂದರು ಯಾರೋ. ಹಸ್ನಿಯಾ ಕೈ ಒರೆಸಿಕೊಂಡು ಒಳಗೆ ಹೋದಳು. ಒಂದು ಕಟ್ಟು ಹಳೆಯ ಕಾಗದ ಹಿಡಿದು ಬಂದಳು. ಅಪ್ಪ ಅವಳಿಗೆ ಬರೆದದ್ದೂ ಇತ್ತು, ಅವಳು ಬರೆದು ಅಪ್ಪ ಜೋಪಾನ ಮಾಡಿಟ್ಟದ್ದೂ ಇತ್ತು, ಬೇರೆ ಒಂದೆರಡೂ ಇದ್ದವು. "ಯಾರಿಗೂ ಹೇಳ್ಬೇಡ ಅಂತ ಇಬ್ಬರು ಮುದುಕರಿಗೆ ಮಾತು ಕೊಟ್ಟಿದ್ದೆ. ಇಬ್ಬರೂ ಈಗ ಮಣ್ಣಿನಡಿ ಪಕ್ಕಪಕ್ಕ ಮಲಗಿದ್ದಾರೆ. ಇನ್ನು ಹೇಳಬಹುದು" ಎಂದು ಓದತೊಡಗಿದಳು.

ಹಿಂದೂ ಮಹಾಸಾಗರದ ನಮ್ಮ ಕೋಕೋಸ್ ದ್ವೀಪದಲ್ಲಿ, ಹೋಮ್ ಐಲೆಂಡಿನವರಲ್ಲಿ, ಚೊಚ್ಚಲ ಮಗು ಹುಟ್ಟಿದ ದಿನವೇ ಹೆತ್ತವರ ಸ್ವಂತ ಹೆಸರು ಮೂಲೆ ಸೇರುತ್ತದೆ. ಹಸ್ನಿಯಾ ಹುಟ್ಟಿದ್ದರಿಂದ ಅವಳ ಅಪ್ಪ ಊರಿಗೆಲ್ಲ ಪಾಕ್ ಹಸ್ನಿಯಾ, ಅಂದರೆ ಹಸ್ನಿಯಾಳ ಅಪ್ಪ, ಆದ. ಮೊಮ್ಮಗು ಬಂದರೆ ಪಾಕ್ ಹೋಗಿ ನೆಕ್, ಅಂದರೆ ಅಜ್ಜ, ಆಗುತ್ತದೆ, ಮೊಮ್ಮಗುವಿನ ಹೆಸರು ಅಂಟಿಕೊಳ್ಳುತ್ತದೆ. ಹಸ್ನಿಯಾ ದೊಡ್ಡಪ್ಪ ಎಂದು ಕರೆಯುತ್ತಿದ್ದ ಪಕ್ಕದ ಮನೆಯವನಿಗೆ ಯೂಸ್ರಿ ಎಂಬ ಮೊಮ್ಮಗ ಹುಟ್ಟಿ ಅವನು ಆಗಲೇ ನೆಕ್ ಯೂಸ್ರಿ. ಓರಗೆಯವರಲ್ಲಿ ಇನ್ನೂ ಪಾಕ್ ಆಗಿಯೇ ಉಳಿದವನು ಹಸ್ನಿಯಾಳ ಅಪ್ಪನೊಬ್ಬನೇ. ಇಷ್ಟು ತಿಳಿದಿದ್ದರೆ ಸಾಕು.

*

ಹೋಮ್ ಐಲೆಂಡ್
3 ಜೂನ್ 1988

ಮಗಳೇ ಹಸ್ನಿಯಾ,

ಸಲಾಂ. ನೀನೂ ಅಳಿಯನೂ ಕ್ಷೇಮವೆಂದು ನಂಬಿದ್ದೇನೆ. ಭಾರ ಎತ್ತಬೇಡ. ಹೋದ ಸಲ ಮಗು ಉಳಿಯಲಿಲ್ಲ. ಈ ಸಲ ಹಾಗಾಗುವುದು ಬೇಡ. ಆ ಮಾತು ಇಲ್ಲಿಗೇ ಸಾಕು.

ಈಗ ಒಂದು ಗುಟ್ಟು. ಅಳಿಯನಿಗೂ ಹೇಳಬೇಡ. ನಾನು ನಿದ್ದೆಯಿಂದೆದ್ದು ಮಾಡುವ ರಾತ್ರಿ ನಮಾಜು ಹಿಡಿದಿದ್ದೇನೆ. ಹಿಡಿಯಲು ಓಡುತ್ತಿದ್ದೇನೆ, ಅದು ಕೈಗೆ ಸಿಗುತ್ತಿಲ್ಲ ಎನ್ನುವುದೇ ಸರಿ. ರಂಜಾನ್ ತಿಂಗಳಲ್ಲಿ ಊಟಕ್ಕೆ ಕತ್ತಲಲ್ಲಿ ಏಳುತ್ತಿದ್ದ ಹೊಟ್ಟೆ ಈಗ ದೇವರಿಗೆ ಯಾಕೆ ಏಳಬಾರದು ಎಂದು ಇಮಾಮರು ಹಬ್ಬದ ಮರುವಾರ ಕೇಳಿದರು. ಕೇಳಿದ್ದು ಎಲ್ಲರನ್ನೂ, ನೋಡಿದ್ದು ನನ್ನನ್ನೇ. ಇದು ಕಡ್ಡಾಯವಲ್ಲ, ಮನಸ್ಸಿದ್ದವರು ಮಾಡುವುದು, ಎರಡೇ ರಕಾತ್, ಎರಡು ಸುತ್ತು ನಿಂತು ಬಾಗಿ ಮಣಿಯುವಷ್ಟು, ಆದರೂ ಸಾಕು, ಆದರೆ ಬಿಡದೆ ಮಾಡಿ ಎಂದರು. ಡಂಗುರ ಹೊಡೆಯಬೇಡಿ, ನಿಮಗೂ ದೇವರಿಗೂ ಮಾತ್ರ ತಿಳಿದಿರಲಿ ಎಂದರು. ಮನುಷ್ಯರ ಕೈಯಲ್ಲಿ ಆಗದ ಕೆಲಸವಿದ್ದರೆ ಆ ಹೊತ್ತಿನಲ್ಲಿ ಕೇಳಿ ಎಂದೂ ಹೇಳಿದರು. ನನ್ನಲ್ಲಿ ಅಂಥದ್ದೊಂದು ಇದೆ. ಏನೆಂದು ಕೇಳಬೇಡ.

ಉಪಾಯಗಳನ್ನೂ ಕೊಟ್ಟರು. ರಾತ್ರಿ ಬೇಗ ಮಲಗಿ, ಹೊಟ್ಟೆ ಬಿರಿಯ ಉಣ್ಣಬೇಡಿ, ಮಧ್ಯಾಹ್ನ ಸ್ವಲ್ಪ ಅಡ್ಡಾಗಿ. ಇವುಗಳಲ್ಲಿ ಮಧ್ಯಾಹ್ನದ್ದು ಮೊದಲ ದಿನವೇ ನನಗೆ ಒಗ್ಗಿತು.

ಒಂದು ರಾತ್ರಿ ಹೊಟ್ಟೆ ತುಂಬ ನೀರು ಕುಡಿದು ಮಲಗಿದೆ. ಎಚ್ಚರವೇನೋ ಆಯಿತು. ಎದ್ದೆ, ಹೋಗಿ ಬಂದೆ, ಮತ್ತೆ ಮಲಗಿದೆ. ಕಾಲು ಹೋಗಿ ಬಂದಿತ್ತು, ತಲೆ ಎದ್ದೇ ಇರಲಿಲ್ಲ. ಆಮೇಲೆ ಹುಂಜವನ್ನು ಬುಟ್ಟಿಯಲ್ಲಿ ಮುಚ್ಚಿ ಮಂಚದ ಕೆಳಗಿಟ್ಟೆ. ಕತ್ತಲೆ ಅದಕ್ಕೂ ಹಿತವಾಗಿರಬೇಕು. ಮಸೀದಿಯಲ್ಲಿ ಬೆಳಗಿನ ಬಾಂಗ್ ಆದ ಮೇಲೆ ನಾನೇ ಹುಂಜವನ್ನು ಎಬ್ಬಿಸಿದೆ. ಏಳುವ ಮನಸ್ಸಿಟ್ಟು ಮಲಗಿದವನನ್ನು ನಿದ್ದೆ ಗೆದ್ದರೆ ಎದ್ದವನ ಪುಣ್ಯವೇ ಅವನಿಗೂ ಬರೆಯಲಾಗುತ್ತದೆಯಂತೆ. ಹಾಗೆ ನೋಡಿದರೆ ಈ ದ್ವೀಪದಲ್ಲಿ ನನ್ನಂಥ ಭಕ್ತನಿಲ್ಲ. ಆದರೆ ಅದರಲ್ಲಿ ಮನಸ್ಸಿಗೆ ಸಮಾಧಾನವಿಲ್ಲ.

ನಿನ್ನ ಅಮ್ಮ ಇದ್ದಿದ್ದರೂ ಎಬ್ಬಿಸುತ್ತಿರಲಿಲ್ಲ ಬಿಡು. ಅವಳೂ ನನ್ನ ಹಾಗೆಯೇ, ದಿಂಬಿಗೆ ತಲೆ ಕೊಟ್ಟರೆ ಬೆಳಗ್ಗೆಯೇ ಏಳುವವಳು.

ಪಕ್ಕದ ಮನೆಯವನ ಸುದ್ದಿ ಕೇಳಬೇಡ. ಹಬ್ಬದ ದಿನ ಎಲ್ಲರ ಮನೆಗೂ ಹೋಗಿ ಕೈ ಹಿಡಿದು, ತಪ್ಪಾಗಿದ್ದರೆ ಕ್ಷಮಿಸಿ ಎಂದು ಬಂದೆ. ಅವನ ಬಾಗಿಲ ಮುಂದೆ ನನ್ನ ಚಪ್ಪಲಿಯ ಬಾರು ಕಿತ್ತುಹೋಯಿತು. ಮನೆಗೆ ಬಂದುಬಿಟ್ಟೆ.

ನಿನ್ನ ಅಪ್ಪ,
ಪಾಕ್ ಹಸ್ನಿಯಾ

*

ಕಟಾನಿಂಗ್
26 ಜೂನ್ 1988

ಅಪ್ಪಾ,

ಸಲಾಂ. ನಿಮ್ಮ ಕಾಗದ ಓದಿ ನಕ್ಕು ನಕ್ಕು ಹೊಟ್ಟೆಯೊಳಗಿನ ಮಗು ಎದ್ದು ಕೂತಿತು. ನಿಮ್ಮನ್ನು ಎಬ್ಬಿಸುವುದಕ್ಕಿಂತ ಅದನ್ನು ಎಬ್ಬಿಸುವುದು ಸುಲಭ.

ಇದರ ಜೊತೆ ಒಂದು ಗಡಿಯಾರ ಬರುತ್ತದೆ. ನಿಮ್ಮ ಅಳಿಯ ಸಫ್ರಿ ಮಾಂಸದ ಕಾರ್ಖಾನೆಯ ಬೆಳಗಿನ ಪಾಳಿಗೆ ಇದರಿಂದಲೇ ಏಳುತ್ತಿದ್ದದ್ದು. ಈಗ ಅವರಿಗೆ ಮಧ್ಯಾಹ್ನದ ಪಾಳಿ. ಮಲಗುವ ಮುನ್ನ ಕೀಲಿ ಕೊಡಿ. ತಲೆಯ ಮೇಲೆ ಎರಡು ಗಂಟೆಗಳಿವೆ, ನಡುವಿನ ಸುತ್ತಿಗೆ ಬಡಿಯುತ್ತದೆ. ಕೈ ಚಾಚಿದರೆ ಸಿಗುವಲ್ಲಿ ಇಡಬೇಡಿ, ನಿದ್ದೆಯಲ್ಲೇ ಅದರ ಕತ್ತು ಹಿಸುಕುತ್ತೀರಿ. ಮತ್ತು ಮೊದಲ ದಿನವೇ ಕುರಾನಿನ ದೊಡ್ಡ ದೊಡ್ಡ ಸೂರಾ ಹಿಡಿಯಬೇಡಿ. ಚಿಕ್ಕದು ಎರಡು ಓದಿ ಮುಗಿಸಿ. ನಿಮ್ಮ ಕೆಲಸಗಳೆಲ್ಲ ಮೊದಲ ವಾರ ಜೋರು, ಎರಡನೇ ವಾರ ಮಂಪರು.

ಅಪ್ಪಾ, ಆ ಚಪ್ಪಲಿಯ ಬಾರು ಪ್ರತಿ ವರ್ಷವೂ ದೊಡ್ಡಪ್ಪನ ಬಾಗಿಲಲ್ಲೇ ಯಾಕೆ ಕಿತ್ತುಹೋಗುತ್ತದೆ? ಇಬ್ಬರೂ ಸೇರಿ ಕಟ್ಟಿದ ದೋಣಿ. ಹಬ್ಬದ ಪಂದ್ಯದಲ್ಲಿ ಎಲ್ಲರಿಗಿಂತ ಮುಂದಿತ್ತು. ನೀವು ಹಾಯಿ ಇಳಿಸು ಅಂದಿರಿ, ಅವರು ಇಳಿಸಬೇಡ ಅಂದರು. ನೀವಿಬ್ಬರೂ ವಾದ ಮಾಡುತ್ತಿರುವಾಗ ದೋಣಿ ತಾನೇ ತೀರ್ಮಾನ ಮಾಡಿ ಮರಳ ದಿಬ್ಬ ಹತ್ತಿತು. ದಡದಲ್ಲಿ ನಾನೂ ಇದ್ದೆ. ಊರೆಲ್ಲ ನಕ್ಕಿತು, ನಾನೂ ನಕ್ಕೆ, ಅಮ್ಮನೂ ನಕ್ಕರು. ಅದಕ್ಕೆ ಏಳು ವರ್ಷ ಮಾತು ಬಿಡುವುದೇ? ಆ ದೋಣಿ ಎರಡು ಮನೆಗಳ ನಡುವೆ ಬೋರಲು ಬಿದ್ದಿದೆ, ಅದರಡಿ ಕೋಳಿ ಮೊಟ್ಟೆ ಇಡುತ್ತದೆ.

ನನ್ನ ಷರತ್ತು ಹೇಳಿಬಿಡುತ್ತೇನೆ. ದೇವರು ಮಗುವನ್ನು ಕೈಗೆ ಕೊಟ್ಟರೆ ಕೂದಲು ತೆಗೆಯುವ ಶಾಸ್ತ್ರಕ್ಕೆ ಊರಿಗೆ ಬರುತ್ತೇನೆ. ನನ್ನ ತಲೆಗೆ ಮೊದಲ ಕತ್ತರಿ ಹಾಕಿದವರು ದೊಡ್ಡಪ್ಪ, ಕೂದಲು ಬೀಳುವ ಎಳನೀರು ಬುರುಡೆ ಹಿಡಿದವರು ನೀವು. ನನ್ನ ಮಗುವಿಗೂ ಹಾಗೇ ಆಗಬೇಕು. ಇಬ್ಬರೂ ಒಂದೇ ಚಾಪೆಯ ಮೇಲೆ ಕೂರುವುದಾದರೆ ಬರುತ್ತೇನೆ. ಇಲ್ಲದಿದ್ದರೆ ಇಲ್ಲೇ ಕಟಾನಿಂಗಿನಲ್ಲಿ, ಉಣ್ಣೆ ಕತ್ತರಿಸುವವರ ಕೈಯಲ್ಲಿ ಮುಗಿಸಿಬಿಡುತ್ತೇನೆ.

ನಿಮ್ಮ
ಹಸ್ನಿಯಾ

*

ಹೋಮ್ ಐಲೆಂಡ್
24 ಜುಲೈ 1988

ಮಗಳೇ,

ಗಡಿಯಾರ ತಲುಪಿತು. ಒಳ್ಳೆಯ ಗಡಿಯಾರ. ಮೊದಲ ರಾತ್ರಿ ಹೊಡೆದಿರಬೇಕು, ನನಗೆ ಕೇಳಿಸಲಿಲ್ಲ. ಎರಡನೆಯ ರಾತ್ರಿ ಅದನ್ನು ದೊಡ್ಡ ತಗಡಿನ ಬೇಸಿನ್ನಿನೊಳಗೆ ಇಟ್ಟು ಸುತ್ತ ಚಮಚಗಳನ್ನು ಹಾಕಿದೆ. ಆಗಲೂ ಇಲ್ಲ. ಮೂರನೆಯ ರಾತ್ರಿ ನನಗೆ ಎಚ್ಚರವಾಯಿತು. ಆದರೆ ಗಡಿಯಾರದಿಂದಲ್ಲ. ಗಡಿಯಾರ ಹೊಡೆದು ಹೊಡೆದು ಸುಸ್ತಾಗಿ ಸುಮ್ಮನಾಗಿತ್ತು. ಎಚ್ಚರವಾದದ್ದು ಪಕ್ಕದ ಮನೆಯವನ ಕೆಮ್ಮಿಗೆ. ಅಷ್ಟು ಚಮಚಗಳು ಕುಣಿದರೂ ಏಳದವನು ಆ ಮನುಷ್ಯನ ಒಂದು ಕೆಮ್ಮಿಗೆ ಎದ್ದು ಕೂತೆ. ಸಿಟ್ಟು ಕಿವಿಯನ್ನು ಎಷ್ಟು ಚುರುಕು ಮಾಡುತ್ತದೆ ನೋಡು!

ಎದ್ದೆನಲ್ಲ, ಎರಡು ರಕಾತ್ ಮಾಡಿದೆ. ಮೊದಲ ಬಾರಿ. ಮಗಳೇ, ಎಂಥ ನಿಶ್ಶಬ್ದ. ಕಡಲೂ ಮೆಲ್ಲಗೆ ಉಸಿರಾಡುತ್ತಿತ್ತು. ಹೇಳಲು ಬರುವುದಿಲ್ಲ, ಇರಲಿ.

ಮರುರಾತ್ರಿಯೂ ಕೆಮ್ಮು. ಅದರ ಮರುರಾತ್ರಿಯೂ. ಒಂದು ವಾರ ಒಂದೂ ತಪ್ಪಲಿಲ್ಲ. ಆಮೇಲೆ ನನಗೆ ಅನುಮಾನ ಬಂತು. ಇವನು ದಿನಾ ಇದೇ ಹೊತ್ತಿಗೆ ಯಾಕೆ ಕೆಮ್ಮುತ್ತಾನೆ? ಕಿಟಕಿಯ ಪರದೆ ಸರಿಸಿ ನೋಡಿದೆ. ಅವನ ಮನೆಯಲ್ಲಿ ದೀಪ. ನಲ್ಲಿಯ ನೀರಿನ ಸದ್ದು. ಗೋಡೆಯ ಮೇಲೆ ಅವನ ನೆರಳು ನಿಲ್ಲುತ್ತದೆ, ಬಾಗುತ್ತದೆ, ನೆಲಕ್ಕಿಳಿಯುತ್ತದೆ. ನನ್ನ ಗಡಿಯಾರಕ್ಕೆ ಎದ್ದು ಅವನು ನಮಾಜು ಮಾಡುತ್ತಿದ್ದಾನೆ!

ಅಳಿಯನ ಗಡಿಯಾರ, ನನ್ನ ಬೇಸಿನ್ನು, ನನ್ನ ಚಮಚಗಳು. ಪುಣ್ಯ ಅವನಿಗೆ. ಅದೂ ನಾಲ್ಕು ರಕಾತ್, ನಾನು ಎಣಿಸಿದೆ.

ಇಮಾಮರನ್ನು ಸುತ್ತಿ ಬಳಸಿ ಕೇಳಿದೆ. "ಒಬ್ಬನ ಗಡಿಯಾರಕ್ಕೆ ಇನ್ನೊಬ್ಬ ಎದ್ದು ಪ್ರಾರ್ಥನೆ ಮಾಡಿದರೆ ಯಾರಿಗೆ ಸೇರುತ್ತದೆ ಗುರುಗಳೇ?" ಅಂದೆ. "ಇಬ್ಬರಿಗೂ. ಎಬ್ಬಿಸಿದವನಿಗೂ ಪಾಲುಂಟು" ಅಂದರು. "ಎಬ್ಬಿಸಿದವನಿಗೆ ಎಬ್ಬಿಸುವ ಮನಸ್ಸೇ ಇರದಿದ್ದರೆ?" ಅಂದೆ. "ಹಾಗಾದ್ರೆ ಅದು ಅವನ ಮನಸ್ಸಿನ ಸಮಸ್ಯೆ, ಗಡಿಯಾರದ್ದಲ್ಲ" ಎಂದು ಹೇಳಿ ನಕ್ಕರು. ಯಾಕೆ ನಕ್ಕರೋ ತಿಳಿಯದು.

ಮೊನ್ನೆಯಿಂದ ನಾನು ಗಡಿಯಾರಕ್ಕೆ ಕೀಲಿ ಕೊಟ್ಟಿಲ್ಲ. ಬೇಕಿದ್ದವರು ತಾವೇ ತರಿಸಿಕೊಳ್ಳಲಿ.

ನಿನ್ನ ಅಪ್ಪ,
ಪಾಕ್ ಹಸ್ನಿಯಾ

*

ಹೋಮ್ ಐಲೆಂಡ್
19 ಆಗಸ್ಟ್ 1988

ಮಗಳು ಹಸ್ನಿಯಾಳಿಗೆ,

ಸಲಾಂ. ದೊಡ್ಡಪ್ಪನ ಕಾಗದ ನೋಡಿ ನಿನಗೆ ಆಶ್ಚರ್ಯವಾಗಬಹುದು. ಜಗಳ ನಿನ್ನ ಅಪ್ಪನ ಜೊತೆ, ನಿನಗೂ ಬರೆಯದೆ ಇದ್ದದ್ದು ನನ್ನ ತಪ್ಪು. ನಿನಗೆ ಮಗುವಾಗಲಿದೆ ಎಂದು ಅಂಗಡಿಯಲ್ಲಿ ಕೇಳಿದೆ. ನಮ್ಮ ಬೇಲಿಯಾಚೆಯ ಸುದ್ದಿ ಅಂಗಡಿಯಲ್ಲಿ ಕೇಳಬೇಕಾಯಿತಲ್ಲ ಎಂದು ಮನಸ್ಸಿಗೆ ನೋವಾಯಿತು.

ಒಂದು ವಿಷಯ ಬರೆಯುತ್ತೇನೆ, ಅಪ್ಪನಿಗೆ ತಿಳಿಸಕೂಡದು. ನಿನ್ನ ಅಮ್ಮ ಇದ್ದ ಕಾಲದಲ್ಲಿ ದಿನಾ ರಾತ್ರಿ ನಿಮ್ಮ ಬಚ್ಚಲಲ್ಲಿ ಬಕೆಟ್ಟಿಗೆ ಚೊಂಬು ತಾಗುವ ಸದ್ದು ಕೇಳುತ್ತಿತ್ತು. ಒಂದೇ ಸಲ, ಮೆಲ್ಲಗೆ. ನಮಾಜಿಗೆ ಕೈಕಾಲು ತೊಳೆಯುವ ಸದ್ದು ಎಂದು ನನಗೆ ಗೊತ್ತಿತ್ತು. ನಾಳೆ ನಾನೂ ಏಳಬೇಕು ಎಂದುಕೊಂಡು ಮಗ್ಗುಲು ಬದಲಿಸುತ್ತಿದ್ದೆ. ಎಷ್ಟೋ ವರ್ಷ ಹಾಗೆ ಮಗ್ಗುಲು ಬದಲಿಸಿದ್ದೇನೆ. ಅವಳು ಹೋದ ಮೇಲೆ ಅದೇ ಹೊತ್ತಿಗೆ ಸರಿಯಾಗಿ ಎಚ್ಚರವಾಗತೊಡಗಿತು, ಸದ್ದು ಬರಲಿಲ್ಲವಲ್ಲ ಎಂದು. ಎಚ್ಚರವಾಗಿ ಸುಮ್ಮನೆ ಸೂರು ನೋಡುತ್ತಿದ್ದೆ.

ಹಾಗಿರುವಾಗ ಒಂದು ರಾತ್ರಿ ನಿಮ್ಮ ಮನೆಯೊಳಗೆ ಪಾತ್ರೆ ಅಂಗಡಿಯೇ ಉರುಳಿ ಬಿತ್ತು. ನಿನ್ನ ಅಪ್ಪ ಬಿದ್ದನೆಂದುಕೊಂಡು ಬಾಗಿಲ ತನಕ ಓಡಿದೆ. ಅಷ್ಟರಲ್ಲಿ ಗಡಿಯಾರದ ಗಂಟೆಯೂ ಅದರ ನಡುವೆ ಗೊರಕೆಯೂ ಕೇಳಿಸಿತು. ಹೇಗೂ ಎದ್ದಿದ್ದೇನೆ, ಇನ್ನು ಯಾಕೆ ಮಲಗುವುದು ಎಂದು ಕೈಕಾಲು ತೊಳೆದೆ. ಅಂದು ಶುರುವಾದದ್ದು. ನಿನ್ನ ಅಪ್ಪನ ಸದ್ದು ನಿನ್ನ ಅಮ್ಮನ ಸದ್ದಿನಂತಿರಲಿಲ್ಲ, ಆದರೂ ಆ ಮನೆಯ ಸದ್ದೇ ತಾನೇ. ಅವನು ಏಳಲಿ ಎಂದು ನಾನು ಒಂದೆರಡು ಸಲ ಕೆಮ್ಮುತ್ತಿದ್ದೆ. ನನಗೆ ಕೆಮ್ಮಿಲ್ಲ.

ಈಗ ಕೆಲವು ವಾರಗಳಿಂದ ಸದ್ದು ನಿಂತಿದೆ. ಬೇಲಿಯಾಚೆ ಇಣುಕಿದೆ, ಅವನು ಆರೋಗ್ಯವಾಗಿಯೇ ಓಡಾಡುತ್ತಿದ್ದಾನೆ, ಮಧ್ಯಾಹ್ನ ಮಲಗುತ್ತಿದ್ದಾನೆ. ಗಡಿಯಾರ ಕೆಟ್ಟಿರಬೇಕು. ಈ ಉಪ್ಪು ಗಾಳಿಯಲ್ಲಿ ಯಾವುದು ತುಕ್ಕು ಹಿಡಿಯುವುದಿಲ್ಲ? ಅದನ್ನು ದೋಣಿಯ ಮೇಲೆ ಇಟ್ಟರೆ ನಾನು ರಿಪೇರಿ ಮಾಡಿ ಅಲ್ಲೇ ಇಟ್ಟುಬಿಡುತ್ತೇನೆ. ನಾನು ಕೇಳಿದೆನೆಂದು ಹೇಳಬೇಡ. ನಾನು ಏಳುತ್ತೇನೆಂದಂತೂ ಹೇಳಲೇಬೇಡ. ಆ ಸದ್ದಿಲ್ಲದೆ ನನಗೆ ಮತ್ತೆ ಮಗ್ಗುಲು ಬದಲಿಸುವ ರೋಗ ಬಂದಿದೆ.

ನಿನ್ನ ದೊಡ್ಡಪ್ಪ,
ನೆಕ್ ಯೂಸ್ರಿ

*

ಕಟಾನಿಂಗ್
4 ಸೆಪ್ಟೆಂಬರ್ 1988

ಅಪ್ಪಾ,

ಇದು ಚಿಕ್ಕ ಕಾಗದ, ಮಲಗಿಕೊಂಡು ಬರೆಯುತ್ತಿದ್ದೇನೆ. ಹೆದರಬೇಡಿ. ಡಾಕ್ಟರು ಮಗು ಬರುವ ತನಕ ಹಾಸಿಗೆ ಬಿಟ್ಟು ಏಳಬಾರದು ಅಂದಿದ್ದಾರೆ. ಹಗಲು ಪರವಾಗಿಲ್ಲ, ಯಾರಾದರೂ ಬರುತ್ತಾರೆ. ರಾತ್ರಿ ಕಣ್ಣು ಮುಚ್ಚಿದರೆ ಹೋದ ಸಲದ್ದೇ ನೆನಪಾಗುತ್ತದೆ.

ಗಡಿಯಾರಕ್ಕೆ ಕೀಲಿ ಕೊಡಿ ಅಪ್ಪಾ. ಪುಣ್ಯ ಯಾರಿಗೆ ಹೋದರೆ ನಿಮಗೇನು? ನಾನು ಇಲ್ಲಿ ಎಚ್ಚರವಾಗಿ ಬಿದ್ದಿರುವಾಗ ಅಲ್ಲಿ ನಮ್ಮ ಮನೆಯಲ್ಲಿ ಯಾರೋ ಎದ್ದಿದ್ದಾರೆ, ನನ್ನ ಹೆಸರು ಹೇಳುತ್ತಿದ್ದಾರೆ ಎಂದು ತಿಳಿದರೆ ಅಷ್ಟು ಸಾಕು. ಇಬ್ಬರು ಎದ್ದಿದ್ದರೆ ಇನ್ನೂ ಒಳ್ಳೆಯದು.

ನಿಮ್ಮ
ಹಸ್ನಿಯಾ

*

ಹೋಮ್ ಐಲೆಂಡ್
27 ಸೆಪ್ಟೆಂಬರ್ 1988

ಮಗಳೇ,

ನಿನ್ನ ಕಾಗದ ಬಂದ ರಾತ್ರಿಯೇ ಕೀಲಿ ಕೊಡಲು ಹೋದೆ. ಕೀಲಿ ತಿರುಗಲಿಲ್ಲ. ಬಲ ಹಾಕಿದೆ, ಕೈಗೇ ಬಂತು. ನಾನು ಸಿಟ್ಟು ಮಾಡಿಕೊಂಡು ಕೂತಿದ್ದ ದಿನಗಳಲ್ಲಿ ಅದರೊಳಗೆ ತುಕ್ಕು ತನ್ನ ಕೆಲಸ ಮುಗಿಸಿತ್ತು. ಬೇಸಿನ್ನಿನ ಪಕ್ಕ ಕೂತು ಅತ್ತೆ. ಹೇಳಲು ನಾಚಿಕೆಯಿಲ್ಲ. ಇಡೀ ರಾತ್ರಿ ಎಚ್ಚರವಾಗಿಯೇ ಇರುತ್ತೇನೆ ಎಂದು ಗೋಡೆಗೆ ಒರಗಿ ಕೂತೆ. ಗೋಡೆಗೆ ಒರಗಿಯೇ ನಿದ್ದೆ ಹೋದೆ.

ಆಗ ಮಾಡಿನ ತಗಡಿನ ಮೇಲೆ ಧಡಾರ್ ಎಂದು ಏನೋ ಬಿತ್ತು. ಮತ್ತೊಂದು ಬಿತ್ತು, ಉರುಳಿತು. ಹೊರಗೆ ಓಡಿದೆ. ದೋಣಿಯ ಆಚೆ ಅವನು ನಿಂತಿದ್ದ, ಕೈಯಲ್ಲಿ ಮೂರನೆಯದು ಹಿಡಿದುಕೊಂಡು. ಏಳು ವರ್ಷದ ಮೇಲೆ ನಾವು ಆಡಿದ ಮಾತು ಹೀಗಿತ್ತು:

"ಏನೋ, ನನ್ನ ಮಾಡಿಗೆ ಕಲ್ಲು ಹೊಡೀತೀಯಾ?"

"ಕಲ್ಲಲ್ಲ, ತೆಂಗಿನ ಸಿಪ್ಪೆ."

"ಯಾಕೆ ಹೊಡ್ದೆ?"

"ಇಲಿ."

"ನನ್ನ ಮನೆ ಇಲಿ ನೀನ್ಯಾಕೋ ಓಡಿಸ್ತೀಯಾ?"

"ನಮ್ಮನೆ ಇಲೀನೇ. ನಿಮ್ಮನೆ ಮಾಡು ಹತ್ತಿತು."

ಅವನ ಮುಖ ನೋಡಿದೆ. ಗಡ್ಡದಿಂದ ನೀರು ತೊಟ್ಟಿಕ್ಕುತ್ತಿತ್ತು. "ಮುಖ ಯಾಕೆ ಒದ್ದೆ?" ಅಂದೆ.

"ಸೆಕೆ."

"ಮೊಣಕೈ ತನಕ ಸೆಕೆಯಾ?"

"ಹೂಂ."

"ಕಾಲಿಗೂ?"

"ಈ ವರ್ಷ ಕಾಲಿಗೂ ಜಾಸ್ತಿ" ಅಂದ.

ನಾನು ನಗಬಾರದೆಂದು ತುಟಿ ಕಚ್ಚಿದೆ. ಅವನೂ ಕಚ್ಚಿದ. ತಾನು ಯಾಕೆ ಎದ್ದೆ ಎಂದು ಅವನು ಹೇಳುವಂತಿಲ್ಲ, ನನಗೆ ಯಾಕೆ ಏಳಬೇಕಿತ್ತು ಎಂದು ನಾನು ಹೇಳುವಂತಿಲ್ಲ. ಇಬ್ಬರೂ ದೋಣಿಯ ಬೆನ್ನ ಮೇಲೆ ಕೂತೆವು. ಕೋಳಿ ಒಳಗಿಂದ ಗೊಣಗಿತು.

"ಗಡಿಯಾರ ಏನಾಯ್ತು?" ಅಂದ.

"ಕೆಟ್ಟಿತು. ನಾನೇ ಕೆಡಿಸಿದೆ."

ಕೈಯಲ್ಲಿದ್ದ ಸಿಪ್ಪೆಯನ್ನು ಕೆಳಗಿಟ್ಟ. ಆಮೇಲೆ, "ಅವಳಿಗೆ ಗಡಿಯಾರ ಬೇಕಿರಲಿಲ್ಲ ಕಣೋ" ಅಂದ.

"ಯಾರಿಗೆ?"

ಆಗ ಹೇಳಿದ. ಬಕೆಟ್ಟಿಗೆ ಚೊಂಬು ತಾಗುತ್ತಿದ್ದದ್ದು. ಒಂದೇ ಸಲ, ಮೆಲ್ಲಗೆ. ನಿನ್ನ ಅಮ್ಮ ನನ್ನ ಪಕ್ಕದಿಂದ ಎದ್ದು ಹೋಗಿ, ನಮಾಜು ಮಾಡಿ, ಬಂದು ಮಲಗುತ್ತಿದ್ದಳಂತೆ. ನಮ್ಮ ಮದುವೆಯಾದಂದಿನಿಂದ. ಮೆಲ್ಲಗೆ ಯಾಕೆಂದರೆ ನನಗೆ ಎಚ್ಚರವಾಗಬಾರದೆಂದು. ನಾನು ಅವಳಿಗೂ ನನ್ನಂತೆಯೇ ಗಾಢ ನಿದ್ದೆ ಎಂದುಕೊಂಡಿದ್ದೆ. ನಿನಗೂ ಹಾಗೇ ಬರೆದಿದ್ದೆ.

"ಏಳು ವರ್ಷ ಇದನ್ನ ಹೇಳದೆ ಹೇಗಿದ್ದೆಯೋ ನೀನು?" ಅಂದೆ.

"ನೀನು ಮಾತಾಡ್ಸಿದ್ರೆ ತಾನೇ ಹೇಳೋದು" ಅಂದ. "ಮತ್ತೆ, ಆವತ್ತು ಹಾಯಿ ಇಳಿಸಬಾರದಿತ್ತು."

"ಇಳಿಸಬೇಕಿತ್ತು."

"ಹೋಗು, ಹೊತ್ತಾಗ್ತಿದೆ. ನಿನಗೆ ಒಳಗೆ ಏನೋ ಕೆಲಸ ಇರಬೇಕು" ಅಂದ.

"ನಿನಗೂ ಇಲಿ ಕೆಲಸ ಬಾಕಿ ಇರಬೇಕು" ಅಂದೆ.

ಒಳಗೆ ಬಂದು ನಿನ್ನ ಅಮ್ಮನ ಚೊಂಬಿನಲ್ಲಿ ನೀರು ತೆಗೆದೆ. ಅದು ಬಕೆಟ್ಟಿಗೆ ತಾಗಿತು. ಮಗಳೇ, ಮನುಷ್ಯರ ಕೈಯಲ್ಲಿ ಆಗದ ಕೆಲಸ ಒಂದಿದೆ ಎಂದಿದ್ದೆನಲ್ಲ, ಅದು ನೀನು, ನಿನ್ನ ಮಗು. ಅದನ್ನು ಕೇಳಿದ್ದೇನೆ, ದಿನಾ ಕೇಳುತ್ತಿದ್ದೇನೆ. ಇನ್ನೊಂದು ಕೆಲಸ ನನ್ನ ಕೈಯಲ್ಲೇ ಆಗುವಂಥದ್ದಾಗಿತ್ತು. ಅದನ್ನೂ ದೇವರ ಮೇಲೆ ಹಾಕಿ ಕೂತಿದ್ದೆ. ಮರುದಿನ ಬೆಳಗ್ಗೆ ಚಪ್ಪಲಿ ಹಾಕಿಕೊಳ್ಳದೆಯೇ ಅವನ ಬಾಗಿಲಿಗೆ ಹೋದೆ. ಬಾರು ಇಲ್ಲದಿದ್ದರೆ ಕಿತ್ತುಹೋಗುವುದು ಹೇಗೆ?

ಇಲ್ಲಿ ಇಬ್ಬರೂ ಎದ್ದಿದ್ದೇವೆ. ನೀನು ಮಲಗು.

ನಿನ್ನ ಅಪ್ಪ,
ಪಾಕ್ ಹಸ್ನಿಯಾ

*

ಕಟಾನಿಂಗ್
20 ಅಕ್ಟೋಬರ್ 1988

ಅಪ್ಪಾ,

ಹೆಣ್ಣು ಮಗು. ನಾನೂ ಚೆನ್ನಾಗಿದ್ದೇನೆ, ಅವಳೂ ಚೆನ್ನಾಗಿದ್ದಾಳೆ. ಹೆಸರು ತಸ್ನೀಮ. ತಲೆತುಂಬ ಕೂದಲು. ಒಂದೇ ತೊಂದರೆ: ಹಗಲೆಲ್ಲ ಮಲಗುತ್ತಾಳೆ, ರಾತ್ರಿ ಸರಿಯಾಗಿ ಆ ಹೊತ್ತಿಗೆ ಎದ್ದು ಊರು ಎಬ್ಬಿಸುತ್ತಾಳೆ. ಇಷ್ಟು ಕೇಳಿಕೊಳ್ಳಬೇಡಿ ಎಂದು ನಿಮಗೆ ಮೊದಲೇ ಹೇಳಬೇಕಿತ್ತು.

ಚಾಪೆ ತೊಳೆದು ಒಣಗಿಸಿ. ಬರುತ್ತಿದ್ದೇವೆ.

ಹಸ್ನಿಯಾ

*

ಹೋಮ್ ಐಲೆಂಡ್
8 ನವೆಂಬರ್ 1988

ಮಗಳೇ,

ಕಾಗದ ಓದಿದೆ. ಓದಿದ್ದು ನಾನು, ಓಡಿ ಹೋಗಿ ಊರಿಗೆಲ್ಲ ಹೇಳಿದ್ದು ಅವನು. ನಾನು ಬಾಗಿಲು ದಾಟುವಷ್ಟರಲ್ಲಿ ಅಂಗಡಿಯವನು ನನ್ನನ್ನು ಹೊಸ ಹೆಸರಿನಿಂದ ಕೂಗಿದ. ಮೊದಲ ಸಲ ಕೂಗಿದಾಗ ಯಾರನ್ನೋ ಎಂದು ಹಿಂದೆ ತಿರುಗಿ ನೋಡಿದೆ.

ಇಲ್ಲಿ ಒಂದು ಪೇಚಾಗಿದೆ. ಈಗ ನಾವು ಮೊದಲು ಎಚ್ಚರವಾದವರು ಇನ್ನೊಬ್ಬರ ಮಾಡಿಗೆ ಸಿಪ್ಪೆ ಎಸೆಯುತ್ತೇವೆ. ಹೆಚ್ಚಾಗಿ ಅವನೇ ಎಸೆಯುವುದು. ನಾನು ಎಸೆದದ್ದು ಎರಡು ಸಲ, ಒಂದು ಗುರಿ ತಪ್ಪಿ ಮೂರನೆಯ ಮನೆಗೆ ಬಿತ್ತು. ರಾತ್ರಿ ಏನದು ಸದ್ದು ಎಂದು ಕೇರಿಯವರು ಕೇಳಿದರು. ಇಲಿ ಅಂದೆವು. ಇಷ್ಟು ದೊಡ್ಡ ಇಲಿಯೇ ಎಂದು ಅವರಿಗೆ ಗಾಬರಿಯಾಗಿ ಊರಿನ ಹಿರಿಯರಿಗೆ ದೂರು ಹೋಯಿತು. ಹಿರಿಯರು ಪರ್ತ್‌ನಿಂದ ಇಲಿಬೋನು ತರಿಸಿ ಮನೆಗೊಂದರಂತೆ ಹಂಚಿದ್ದಾರೆ. ನಮ್ಮಿಬ್ಬರ ಮನೆಗೆ ಎರಡೆರಡು. ನಾವು ಬಾಯಿ ಬಿಡುವಂತಿಲ್ಲ. ಹಿಡಿದುಕೊಂಡು ಬಂದು, ನಿಮ್ಮಿಂದ ದೊಡ್ಡ ಉಪಕಾರವಾಯಿತು ಅಂದೆವು. ಇಮಾಮರು ತಮ್ಮ ಪಾಲಿನ ಬೋನನ್ನು ಮಾತ್ರ ತೆಗೆದುಕೊಳ್ಳಲಿಲ್ಲ, ನಕ್ಕು ಹೋದರು. ಆ ಮನುಷ್ಯ ಸುಮ್ಮಸುಮ್ಮನೆ ನಗುತ್ತಾರೆ.

ದೋಣಿಯನ್ನು ಮಗುಚಿದ್ದೇವೆ. ಕೋಳಿಗೆ ಬೇರೆ ಜಾಗ ಮಾಡಿಕೊಟ್ಟಾಯಿತು. ಸೀಳಿಗೆ ನಾರು ತುಂಬುತ್ತಿದ್ದೇವೆ. ಅವನು ಹೇಳಿದ ಕಡೆ ನಾನು ತುಂಬುವುದಿಲ್ಲ, ನಾನು ಹೇಳಿದ ಕಡೆ ಅವನು ತುಂಬುವುದಿಲ್ಲ, ಅಂತೂ ಎಲ್ಲ ಕಡೆ ತುಂಬುತ್ತಿದೆ.

ಬೇಗ ಬನ್ನಿ.

ನಿನ್ನ ಅಪ್ಪ,
ನೆಕ್ ತಸ್ನೀಮ

*

ಹೋಮ್ ಐಲೆಂಡ್
4 ಡಿಸೆಂಬರ್ 1988

ರೀ,

ನಿಮಗೆ ರಜೆ ಸಿಗದೆ ಹೋದದ್ದು ನನಗೆ ಇನ್ನೂ ಸಂಕಟ. ಆದ್ದರಿಂದ ಬಿಡಿಸಿ ಬರೆಯುತ್ತಿದ್ದೇನೆ.

ನಿನ್ನೆ ಬೆಳಗ್ಗೆ ಶಾಸ್ತ್ರ ಆಯಿತು. ನಡುಮನೆಯ ಚಾಪೆಯ ಮೇಲೆ ಅಪ್ಪ ಎಳನೀರು ಬುರುಡೆ ಹಿಡಿದು ಕೂತರು. ಪಕ್ಕದಲ್ಲಿ ದೊಡ್ಡಪ್ಪ, ಕೈಯಲ್ಲಿ ಕತ್ತರಿ. ಒಂದೇ ಚಾಪೆ. ಊರಿನವರೆಲ್ಲ ಮಗುವನ್ನು ಬಿಟ್ಟು ಅವರಿಬ್ಬರನ್ನೇ ನೋಡುತ್ತಿದ್ದರು. ಅಮ್ಮ ಇರಬೇಕಿತ್ತು.

ಗಂಡಸರು ಪ್ರವಾದಿಯ ಸ್ತುತಿಯ ಕಿತಾಬಿನ ಹಾಡು ಶುರು ಮಾಡಿದರು. ನಿಮಗೆ ಗೊತ್ತಲ್ಲ, ಅದು ಎಷ್ಟು ಉದ್ದ. ನಾನು ಮಗುವನ್ನೆತ್ತಿಕೊಂಡು ಒಬ್ಬೊಬ್ಬರ ಮುಂದೆ ಹೋಗಬೇಕು, ಮೊದಲು ದೊಡ್ಡಪ್ಪನ ಮುಂದೆ. ಹಾಡು ಮುಗಿಯಿತು, ಹೋಗಿ ನಿಂತೆ. ದೊಡ್ಡಪ್ಪ ಕತ್ತರಿ ಎತ್ತಲಿಲ್ಲ. ನೋಡಿದರೆ ನಿದ್ದೆ! ಅಪ್ಪನ ಭುಜದ ಮೇಲೆ ತಲೆಯಿಟ್ಟು. ಅಪ್ಪನದೂ ನಿದ್ದೆ, ದೊಡ್ಡಪ್ಪನ ತಲೆಯ ಮೇಲೆ ಕೆನ್ನೆಯಿಟ್ಟು. ಬುರುಡೆಯ ನೀರೆಲ್ಲ ಅಪ್ಪನ ಹೊಸ ಲುಂಗಿಯ ಮೇಲೆ. ಏಳು ವರ್ಷ ಒಂದು ಚಾಪೆಯಲ್ಲಿ ಕೂರದವರು ನೋಡಿ, ಕೂತ ಮೊದಲ ದಿನವೇ ಒಟ್ಟಿಗೆ ಗೊರಕೆ ಹೊಡೆದರು.

ಯಾರೋ ನಕ್ಕರು. ತಕ್ಷಣ ಹಿರಿಯರೊಬ್ಬರು ಗದರಿದರು: "ನಗ್ಬೇಡ್ರೋ. ಪಾಪ, ಅವರ ಮನೆಗಳಲ್ಲಿ ರಾತ್ರಿಯೆಲ್ಲ ಇಲಿ ಕಾಟ." ಎಲ್ಲರೂ ಹೌದು ಹೌದು ಎಂದು ತಲೆಯಾಡಿಸಿದರು. ಇಮಾಮರು ಬಾಯಿಗೆ ಶಾಲು ಅಡ್ಡ ಹಿಡಿದು ಗೋಡೆಯ ಕಡೆ ತಿರುಗಿದರು. ನಾನು ನಗಲೂ ಇಲ್ಲ, ಅಳಲೂ ಇಲ್ಲ. ತಸ್ನೀಮಳನ್ನು ಅವರಿಬ್ಬರ ನಡುವೆ ಮೆಲ್ಲಗೆ ಹಿಡಿದೆ. ಅವಳು ಒಂದೇ ಸಲ ಕಿರುಚಿದಳು. ಇಬ್ಬರೂ ಒಟ್ಟಿಗೆ ಬೆಚ್ಚಿಬಿದ್ದು, "ಎದ್ದೆ ಎದ್ದೆ, ಸಿಪ್ಪೆ ಎಸೀಬೇಡ!" ಅಂದರು.

ಆಮೇಲೆ ಕತ್ತರಿಸಿದರು. ಮೊದಲ ಕೂದಲು ಬುರುಡೆಯೊಳಗೆ ಬಿತ್ತು. ಉಳಿದದ್ದು ಬಂದು ಹೇಳುತ್ತೇನೆ.

ನಿಮ್ಮ
ಹಸ್ನಿಯಾ

*

ಹಸ್ನಿಯಾ ಕಾಗದಗಳನ್ನು ಮಡಚಿ ಮತ್ತೆ ಕಟ್ಟಿದಳು. "ಆಮೇಲೆ ಅವರು ರಾತ್ರಿ ನಮಾಜು ಬಿಡಲೇ ಇಲ್ವಾ?" ಎಂದು ಒಬ್ಬರು ಕೇಳಿದರು. "ಅಪ್ಪ ತೀರಿಕೊಂಡ ಮೇಲೂ ದೊಡ್ಡಪ್ಪ ನಮ್ಮ ಖಾಲಿ ಮನೆಯ ಮಾಡಿಗೆ ದಿನಾ ಒಂದು ಸಿಪ್ಪೆ ಎಸೀತಿದ್ದರು, ತಾನು ಹೋಗೋ ತನಕ. ಊರಿನವರು ಈಗಲೂ ಇಲಿ ಅಂತಲೇ ನಂಬಿದ್ದಾರೆ" ಎಂದು ಹಸ್ನಿಯಾ ಈರುಳ್ಳಿಯ ಮೊರ ಎತ್ತಿಕೊಂಡು ಒಳಗೆ ಹೋದಳು. ನಾವೂ ಚೀಲ ಖಾಲಿ ಮಾಡಿ ಮನೆಗಳಿಗೆ ಹೋದೆವು.

ಮರುದಿನ ಬೆಳಗಿನ ನಮಾಜಿಗೆ ಮಸೀದಿಯಲ್ಲಿ ಸೇರಿದಾಗ, ಹಿಂದಿನ ದಿನ ಆ ಶೆಡ್ಡಿನಲ್ಲಿ ಕೂತಿದ್ದವರೆಲ್ಲ ಒಬ್ಬರಾದ ಮೇಲೊಬ್ಬರು ಆಕಳಿಸುತ್ತಿದ್ದರು. ಎಲ್ಲರ ಕಣ್ಣೂ ಕೆಂಪು. ಯಾಕೆಂದು ಯಾರೂ ಯಾರನ್ನೂ ಕೇಳಲಿಲ್ಲ. ಕಥೆ ಕೇಳಲು ಶೆಡ್ಡಿನ ಬಾಗಿಲಲ್ಲಿ ಸುಮ್ಮನೆ ಒರಗಿ ನಿಂತಿದ್ದು, ಒಂದೇ ಒಂದು ಈರುಳ್ಳಿಯನ್ನೂ ಮುಟ್ಟದೆ ಹೋಗಿದ್ದ ಹಸ್ನಿಯಾಳ ಗಂಡ ಸಫ್ರಿ ಮಾತ್ರ ನನ್ನ ಪಕ್ಕ ಚಪ್ಪಲಿ ಬಿಡುತ್ತಾ ಕಣ್ಣುಜ್ಜಿಕೊಂಡು ಹೇಳಿದ:

"ಏನು ಖಾರ ಮಾರಾಯಾ ಆ ಈರುಳ್ಳಿ!"